ಇಲ್ಲ ಅನ್ನೋಕೆ ಕಾಲಂ ಇಲ್ಲ

ಮಗನ ಥೆರಪಿ ಕೇಂದ್ರದಿಂದ ಫೋನ್ ಬಂದದ್ದು ಸಭೆಯ ಹಿಂದಿನ ದಿನ ಸಂಜೆ. "ಮೇಡಂ, ನಾಳೆ ಹನ್ನೊಂದಕ್ಕೆ ಪೋಷಕರ ಅಭಿಪ್ರಾಯ ಸಂಗ್ರಹ ಸಭೆ ಇದೆ. ಮಗನನ್ನೂ ಕರ್ಕೊಂಡು ಬನ್ನಿ, ಫೋಟೋಗೆ ಬೇಕು."

ಮಗನಿಗೆ 19 ವರ್ಷ. ಆಟಿಸಂ ಇದೆ. ಬಾಯಲ್ಲಿ ಬರುವುದು ಮೂರೇ ಮಾತು: ಅಮ್ಮ, ಬಸ್ಸು, ಸಾಕು. ಅನ್ನ ಜಾಸ್ತಿಯಾದರೂ ಸಾಕು, ಮಿಕ್ಸಿ ಸದ್ದಾದರೂ ಸಾಕು, ನೆಂಟರು ಎದ್ದು ಹೋಗದಿದ್ದರೂ ಸಾಕು.

ಅಂದಹಾಗೆ, ಕಾನೂನಿನ ಲೆಕ್ಕದಲ್ಲಿ ನಾನು ಈಗ ಪೋಷಕಿಯೇ ಅಲ್ಲ. 18 ತುಂಬಿದ ಮೇಲೆ ಇಂಥ ಮಕ್ಕಳಿಗೆ ಹೆತ್ತವಳೂ ಅರ್ಜಿ ಹಾಕಿಯೇ ಪೋಷಕಿಯಾಗಬೇಕು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪತ್ರ ಕೊಡಬೇಕು. ನನ್ನ ಅರ್ಜಿ ಯಾವುದೋ ಫೈಲಿನಲ್ಲಿ ಮಲಗಿದೆ. ಆದರೂ ಪೋಷಕರ ಸಭೆಗೆ ಕುರ್ಚಿ ತುಂಬಿಸಲು ನಾನು ಸಾಲುತ್ತೇನೆ.

ಹನ್ನೊಂದಕ್ಕೆ ಹೋದೆವು. ಮೈಕಿನವನು 'ಹಲೋ, ಚೆಕ್, ಚೆಕ್' ಅನ್ನುತ್ತಿದ್ದ. ಮಗ ಎರಡೂ ಕಿವಿ ಮುಚ್ಚಿಕೊಂಡ. ಅವನೊಬ್ಬನೇ ಅಲ್ಲ, ಆ ಸಾಲಿನಲ್ಲಿ ಕೂತ ನಾಲ್ಕೈದು ಮಕ್ಕಳೂ ಅಷ್ಟೇ. ಸದ್ದು ತಡೆಯಲಾಗದ ಮಕ್ಕಳ ಸಭೆಗೆ ಆಳೆತ್ತರದ ಎರಡು ಸ್ಪೀಕರ್!

ನಮೂನೆ ಹಂಚಿದರು. ಇಡೀ ಹಾಲಿಗೆ ಒಂದೇ ಪೆನ್ನು. ಮೊದಲ ಪ್ರಶ್ನೆ: 'ಫಿಸಿಯೋಥೆರಪಿ ಸೇವೆ ಹೇಗಿದೆ? ಉತ್ತಮ / ಅತ್ಯುತ್ತಮ / ಅತಿ ಅತ್ಯುತ್ತಮ.' ನಮ್ಮ ಕೇಂದ್ರದಲ್ಲಿ ಆ ಹುದ್ದೆ ಖಾಲಿಯಾಗಿ ಎರಡು ಯುಗಾದಿ ಕಳೆದಿವೆ.

"ಇಲ್ಲದ್ದು ಹೇಗಿದೆ ಅಂತ ಹೇಗೆ ಬರೆಯೋದು ಸಾರ್?"

"ಇಲ್ಲ ಅನ್ನೋಕೆ ಕಾಲಂ ಇಲ್ಲ ಮೇಡಂ. ಸದ್ಯಕ್ಕೆ ಉತ್ತಮ ಅಂತ ಹಾಕಿ. ಬಂದ ಮೇಲೆ ಅತ್ಯುತ್ತಮ ಮಾಡ್ಕೊಳ್ಳೋಣ."

ಏಳನೇ ಪ್ರಶ್ನೆ ಇನ್ನೂ ಚೆಂದ. 'ಸ್ಪೀಚ್ ಥೆರಪಿ ಬಗ್ಗೆ ಫಲಾನುಭವಿಯ ಅಭಿಪ್ರಾಯವನ್ನು ಅವರದೇ ಮಾತಿನಲ್ಲಿ ಬರೆಯಿರಿ.' ಮಾತು ಬಂದಿದ್ದರೆ ಥೆರಪಿಗೆ ಯಾಕೆ ಬರ್ತಿದ್ವಿ, ಅಲ್ವಾ? ಕೊನೆಗೆ ಫಲಾನುಭವಿಯ ಸ್ವಂತ ಮೊಬೈಲ್ ನಂಬರ್ ಬೇಕಂತೆ, ಒಟಿಪಿ ಬರುತ್ತದಂತೆ.

ಸಾಹೇಬರು ಒಂದು ಗಂಟೆಗೆ ಬಂದರು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯ 7 ಬಗೆ ಇತ್ತು, 2016ರ ಕಾಯ್ದೆಯಲ್ಲಿ 21 ಆಗಿದೆ ಎಂದರು. ಉಳಿದ 14ನ್ನು ತಾವೇ ಮಂಜೂರು ಮಾಡಿಸಿದ ಹಾಗಿತ್ತು ಧಾಟಿ. ಇಂಥ ಮಕ್ಕಳಿಗಿರುವ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ ಎಂದರು, ಕಾರ್ಡ್ ಯಾಕೆ ಬಂದಿಲ್ಲ ಅನ್ನಲಿಲ್ಲ. ಭಾಷಣದ ಉದ್ದಕ್ಕೂ ನಮ್ಮ ಮಕ್ಕಳು ಒಮ್ಮೆ ವಿಕಲಚೇತನರು, ಒಮ್ಮೆ ವಿಶೇಷಚೇತನರು, ಒಮ್ಮೆ ದಿವ್ಯಾಂಗರು. ಈ ಇಪ್ಪತ್ತು ವರ್ಷದಲ್ಲಿ ನಮಗೆ ತಪ್ಪದೇ ಸಿಕ್ಕ ಸೇವೆ ಅಂದರೆ ನಾಮಕರಣವೇ.

ಆಮೇಲೆ 'ಯಾರಾದರೂ ಮಾತಾಡಿ' ಎಂದರು. ಪಕ್ಕದ ಅಜ್ಜಿ ಎದ್ದರು. ಜೊತೆಗೆ ಮಗಳು, ತಲೆಯಲ್ಲಿ ಆಗಲೇ ನಾಲ್ಕು ಬಿಳಿ ಕೂದಲು, ಕೈಯಲ್ಲಿ ಅಮ್ಮನ ಸೆರಗಿನ ತುದಿ. "ನಾನು ಸತ್ತ ಮೇಲೆ ಇವಳಿಗೆ ಯಾರು ತಲೆ ಬಾಚ್ತಾರೆ ಸ್ವಾಮಿ?"

ಸಾಹೇಬರು ನಮೂನೆ ತಿರುಗಿಸಿ ನೋಡಿದರು. "ಅಜ್ಜಿ, ಅದು ಇದರಲ್ಲಿ ಬರಲ್ಲ. 'ಇತರೆ' ಅಂತ ಇದೆಯಲ್ಲ, ಅಲ್ಲಿ ಬರೆಸಿ." 'ಇತರೆ'ಗೆ ಬಿಟ್ಟಿದ್ದ ಜಾಗ ಅರ್ಧ ಇಂಚು. ಅಜ್ಜಿಗೆ ಬರೆಯಲು ಬರುವುದಿಲ್ಲ. ನಾನು ಬರೆದುಕೊಡೋಣ ಅಂದರೆ ಪೆನ್ನು ಮೂರು ಸಾಲು ಹಿಂದಿತ್ತು.

ಸಾಹೇಬರು ಮತ್ತೆ ಮೈಕ್ ಹಿಡಿದರು. ಅದು ಕಿರ್‍ರೆಂದು ಕಿರುಚಿತು. ಮಗ ಕಿವಿ ಮುಚ್ಚಿಕೊಂಡೇ ಎದ್ದು ನಿಂತು, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದ: "ಸಾಕು! ಸಾಕು! ಸಾಕು!"

ಮೊನ್ನೆ ಸಭೆಯ ನಡಾವಳಿ ವಾಟ್ಸಾಪ್‌ನಲ್ಲಿ ಬಂತು. ಮಗ ಕಿವಿ ಮುಚ್ಚಿಕೊಂಡು ನಿಂತ ಫೋಟೋ ಇದೆ. ಕೆಳಗೆ ಮೂರನೇ ಅಂಶ: 'ಈಗ ದೊರೆಯುತ್ತಿರುವ ಸೇವೆಗಳು ಸಾಕು ಎಂದು ಫಲಾನುಭವಿಯೊಬ್ಬರು ಸ್ವತಃ ಎದ್ದು ನಿಂತು ಮೂರು ಬಾರಿ ತಿಳಿಸಿರುತ್ತಾರೆ.'