ಪ್ಯಾಕ್-12 ಒಡೆದದ್ದು ಯಾರಿಂದ?

2023ರ ಆಗಸ್ಟ್ 4ರ ಶುಕ್ರವಾರ, ಅಮೆರಿಕದ ಪಶ್ಚಿಮ ಕರಾವಳಿಯ ಪ್ಯಾಕ್-12 ಕಾನ್ಫರೆನ್ಸ್ ಒಂದೇ ದಿನದಲ್ಲಿ ಐದು ವಿಶ್ವವಿದ್ಯಾಲಯಗಳನ್ನು ಕಳೆದುಕೊಂಡಿತು. ವಾಷಿಂಗ್ಟನ್ ಮತ್ತು ಆರೆಗಾನ್ ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸಿಗೆ ಹೋದವು. ಅರಿಜೋನ, ಅರಿಜೋನ ಸ್ಟೇಟ್ ಮತ್ತು ಯೂಟಾ ಬಿಗ್ 12 ಎಂಬ ಮತ್ತೊಂದಕ್ಕೆ ಹೋದವು. ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಹಿಂದಿನ ವರ್ಷವೇ, ಕೊಲರಾಡೊ ಹಿಂದಿನ ವಾರವೇ ಹೊರಡುವುದಾಗಿ ಹೇಳಿಯಾಗಿತ್ತು. ತನ್ನ ಹುಟ್ಟನ್ನು 1915ಕ್ಕೆ ಎಣಿಸಿಕೊಳ್ಳುತ್ತಿದ್ದ ಸಂಸ್ಥೆಯಲ್ಲಿ ಉಳಿದವು ನಾಲ್ಕು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಕೂಡ ಎಸಿಸಿಯ, ಅಂದರೆ ಅಟ್ಲಾಂಟಿಕ್ ಕರಾವಳಿ ಕಾನ್ಫರೆನ್ಸಿನ, ಸದಸ್ಯರಾಗಲು ಒಪ್ಪಿದವು. ಬರ್ಕ್ಲಿಯಿಂದ ಅಟ್ಲಾಂಟಿಕ್ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರವಿದೆ ಎಂಬುದು ಅಡ್ಡಿಯಾಗಲಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಹೆಲ್ಮೆಟ್ ತೊಟ್ಟು ಆಡುವ ಅಮೆರಿಕದ ಫುಟ್‌ಬಾಲ್. ಆಡುವವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ನೋಡಲು ಬರುವವರು ಕೆಲವು ಕಡೆ ಒಂದು ಲಕ್ಷ ದಾಟುತ್ತಾರೆ. ಅಕ್ಕಪಕ್ಕದ ವಿಶ್ವವಿದ್ಯಾಲಯಗಳು ಪ್ರತಿವರ್ಷ ತಮ್ಮತಮ್ಮಲ್ಲೇ ಆಡಲು ಮಾಡಿಕೊಂಡ ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬರಬಹುದಾದ ದೂರವೇ ಅದರ ಮೂಲ ಅಳತೆಯಾಗಿತ್ತು.

ಪ್ಯಾಕ್-12 ಮುರಿದುಬಿದ್ದಾಗ ನಾನಿರುವ ಸಿಯಾಟಲ್ ಕಡೆ ಎಲ್ಲರೂ ವಿಶ್ವವಿದ್ಯಾಲಯದ ಅಧ್ಯಕ್ಷರ ದುರಾಸೆಯನ್ನು ಬೈದರು. ಕಾನ್ಫರೆನ್ಸಿನ ಮುಖ್ಯಸ್ಥ, ಅಂದರೆ ಕಮಿಷನರ್, ಜಾರ್ಜ್ ಕ್ಲಿಯಾವ್ಕಾಫ್ ಅವರ ಅಸಮರ್ಥತೆಯನ್ನೂ ಬೈದರು. ಎರಡೂ ಸುಳ್ಳಲ್ಲ. ಆದರೆ ದುರಾಸೆ 1950ರಲ್ಲೂ ಇತ್ತು, ಆಗ ಕಾನ್ಫರೆನ್ಸುಗಳು ಹೀಗೆ ಚದುರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಬದಲಾದದ್ದು ಪಂದ್ಯಗಳನ್ನು ಟೆಲಿವಿಷನ್ನಿಗೆ ಮಾರುವವರು ಯಾರು ಎಂಬುದು.

1984ರ ತನಕ ಕಾಲೇಜು ಫುಟ್‌ಬಾಲ್‌ನ ಪ್ರಸಾರವೆಲ್ಲ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಹಿಡಿತದಲ್ಲಿತ್ತು. ಯಾವ ತಂಡ ಎಷ್ಟು ಸಲ ಪರದೆಯ ಮೇಲೆ ಬರಬೇಕೆಂದು ಅದೇ ನಿರ್ಧರಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಇದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏಳು-ಎರಡರ ಬಹುಮತದಿಂದ ಎನ್‌ಸಿಎಎ ಏಕಸ್ವಾಮ್ಯ ವಿರೋಧಿ ಕಾನೂನನ್ನು ಮುರಿದಿದೆ ಎಂದು ತೀರ್ಪು ಕೊಟ್ಟಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಒಂದು ಕಾಲದಲ್ಲಿ ಸ್ವತಃ ಕೊಲರಾಡೊದ ಹೆಸರಾಂತ ಕಾಲೇಜು ಆಟಗಾರರಾಗಿದ್ದವರು. ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ 1961ರ ಕಾಯ್ದೆಯ ವಿನಾಯಿತಿ ಇರುವುದರಿಂದ ಅದು ತನ್ನ ತಂಡಗಳ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರಬಲ್ಲದು. ನಮ್ಮ ಐಪಿಎಲ್‌ನ ಹಕ್ಕುಗಳನ್ನು ಬಿಸಿಸಿಐ ಮಾರುವುದೂ ಹಾಗೆಯೇ. ಕಾಲೇಜುಗಳಿಗೆ ಆ ವಿನಾಯಿತಿ ಇಲ್ಲ. ಹೀಗಾಗಿ ಒಬ್ಬ ಮಾರಾಟಗಾರನ ಜಾಗದಲ್ಲಿ ಪರಸ್ಪರ ಪೈಪೋಟಿಗೆ ಬಿದ್ದ ಹಲವರು ಹುಟ್ಟಿಕೊಂಡರು, ಮತ್ತು ಸರಕನ್ನು ಹೆಚ್ಚಿಸಿಕೊಳ್ಳಲು ಪಕ್ಕದವನ ಸದಸ್ಯರನ್ನು ಎಳೆದುಕೊಳ್ಳುವುದೇ ಸುಲಭದ ದಾರಿಯಾಯಿತು. ಟೆಕ್ಸಾಸ್ ಸುತ್ತಲಿನ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಕಣ್ಣುಮುಚ್ಚಿದ್ದು ಈ ಸಾಲಿನ ಮೊದಲ ದೊಡ್ಡ ಸಾವು.

ಆಮೇಲೆ ಬಂದದ್ದು ಕೇಬಲ್ ಲೆಕ್ಕಾಚಾರ. 2007ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಫಾಕ್ಸ್ ಟಿವಿ ಕಂಪನಿಯ ಜೊತೆಗೂಡಿ ತನ್ನದೇ ವಾಹಿನಿ ಆರಂಭಿಸಿತು. ಆ ವಾಹಿನಿಗೆ ಕೇಬಲ್ ಕಂಪನಿಗಳು ಕೊಡುವ ದರ, ಚಂದಾದಾರರ ಮನೆ ಕಾನ್ಫರೆನ್ಸಿನ ರಾಜ್ಯಗಳೊಳಗಿದ್ದರೆ ತಿಂಗಳಿಗೆ ಸುಮಾರು ಒಂದು ಡಾಲರ್, ಹೊರಗಿದ್ದರೆ ಕೆಲವೇ ಸೆಂಟ್. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಫುಟ್‌ಬಾಲ್‌ನಲ್ಲಿ ಅಂಥ ಹೇಳಿಕೊಳ್ಳುವ ಸಾಧನೆ ಇಲ್ಲದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯವನ್ನು ಬಿಗ್ ಟೆನ್ ಏಕೆ ಅಪ್ಪಿಕೊಂಡಿತು ಎಂಬುದು ತಾನಾಗಿ ತಿಳಿಯುತ್ತದೆ. ರಟ್ಗರ್ಸ್ 2014ರಲ್ಲಿ ಸದಸ್ಯತ್ವ ಪಡೆಯಿತು; ನ್ಯೂಯಾರ್ಕ್ ಸುತ್ತಲಿನ ಲಕ್ಷಾಂತರ ಮನೆಗಳು ಒಮ್ಮೆಲೇ ‘ಒಳಗಿನವು’ ಎನಿಸಿಕೊಂಡವು. ರಟ್ಗರ್ಸ್ ಕ್ರೀಡಾಂಗಣವಿರುವ ಪಿಸ್ಕಾಟವೇ ಊರಿಗೆ ಅಂಟಿಕೊಂಡೇ ಎಡಿಸನ್ ಇದೆ. ಅಲ್ಲಿ ಕನ್ನಡ ಮನೆಗಳೂ ಬೇಕಾದಷ್ಟಿವೆ. ಟಚ್‌ಡೌನ್ ಎಂದರೆ ಏನೆಂದೇ ತಿಳಿಯದ, ಟಿವಿ ಹಾಕಿದರೆ ಕ್ರಿಕೆಟ್ಟನ್ನಷ್ಟೇ ನೋಡುವ ಕುಟುಂಬವೂ ಕೇಬಲ್ ಬಿಲ್ಲಿನ ಒಳಗೆ ಕಾಣದಂತೆ ಅಡಗಿದ್ದ ಆ ಹಣವನ್ನು ತಿಂಗಳು ತಿಂಗಳು ಕಟ್ಟಿತು. ಯಾರೂ ನೋಡದಿದ್ದರೂ ಹಣ ಬರುವ ಈ ವ್ಯವಸ್ಥೆಯಲ್ಲಿ ತಂಡದ ಬಲಕ್ಕಿಂತ ಊರಿನ ಜನಸಂಖ್ಯೆ ಮುಖ್ಯವಾಗಿತ್ತು.

ಜನ ಕೇಬಲ್ ಬಿಡತೊಡಗಿದ ಮೇಲೆ ತರ್ಕ ತಿರುವು ತೆಗೆದುಕೊಂಡಿತು. ಈಗ ಬೇಕಾದದ್ದು ಶನಿವಾರ ಇಡೀ ದೇಶ ಕೂತು ನೋಡುವ ಪಂದ್ಯ, ಅಂದರೆ ದೊಡ್ಡ ಹೆಸರಿನ ತಂಡಗಳು. 2021ರ ಜುಲೈನಲ್ಲಿ ಬಿಗ್ 12ರಲ್ಲಿದ್ದ ಟೆಕ್ಸಾಸ್ ಮತ್ತು ಒಕ್ಲಹೋಮ ಎಸ್‌ಇಸಿ, ಅಂದರೆ ಆಗ್ನೇಯ ರಾಜ್ಯಗಳ ಕಾನ್ಫರೆನ್ಸಿನ, ಕಡೆ ವಾಲಿದವು. ಆಗ ಬಿಗ್ 12ರ ಕಮಿಷನರ್ ಆಗಿದ್ದ ಬಾಬ್ ಬೌಲ್ಸ್‌ಬಿ, ತಮ್ಮ ಸದಸ್ಯರನ್ನು ಸೆಳೆಯಲು ಇನ್ನೊಂದು ಕಾನ್ಫರೆನ್ಸನ್ನು ಇಎಸ್‌ಪಿಎನ್ ಎಂಬ ಕ್ರೀಡಾ ವಾಹಿನಿ ಹುರಿದುಂಬಿಸುತ್ತಿದೆ ಎಂದು ಆರೋಪಿಸಿ ಆ ವಾಹಿನಿಗೆ ಬಹಿರಂಗವಾಗಿಯೇ ನೋಟಿಸು ಕಳಿಸಿದರು. ಇಎಸ್‌ಪಿಎನ್ ಅದನ್ನು ಅಲ್ಲಗಳೆಯಿತು. ಆರೋಪ ನಿಜವೋ ಅಲ್ಲವೋ, ಇಎಸ್‌ಪಿಎನ್‌ಗೆ ಎಸ್‌ಇಸಿ ವಾಹಿನಿಯ ಒಡೆತನವಿದೆ, ಫಾಕ್ಸ್‌ಗೆ ಬಿಗ್ ಟೆನ್ ವಾಹಿನಿಯಲ್ಲಿ ಬಹುಪಾಲಿದೆ ಎಂಬುದಂತೂ ನಿಜ. ಕೊಳ್ಳುವವನೇ ಮಾರುವವನ ಪಾಲುದಾರನಾಗಿರುವಾಗ ಒತ್ತಡ ಹೇರಲು ಪತ್ರ ಬರೆಯುವ ಅಗತ್ಯವೇ ಇರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಸೇರಿ ಬಿಗ್ ಟೆನ್‌ಗೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಬರೆದುಕೊಟ್ಟವು.

ಪ್ಯಾಕ್-12 ಸೋತದ್ದು ಇಲ್ಲಿ. ಅದು 2012ರಲ್ಲಿ ಯಾವ ದೊಡ್ಡ ಕಂಪನಿಯ ಪಾಲುದಾರಿಕೆಯೂ ಇಲ್ಲದೆ ಪೂರ್ಣ ಸ್ವಂತದ ವಾಹಿನಿಗಳನ್ನು ಕಟ್ಟಿತು. ತತ್ತ್ವವಾಗಿ ನನಗೆ ಇಂದಿಗೂ ಮೆಚ್ಚುಗೆಯಾಗುವ ನಡೆ ಅದು, ಆದರೆ ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಕಂಪನಿ ಆ ವಾಹಿನಿಗಳನ್ನು ಕೊನೆಯವರೆಗೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಪ್ಯಾಕ್-12 ಇನ್ನೂ ಚೌಕಾಸಿ ಮಾಡುತ್ತಿದ್ದಾಗಲೇ, ಬಿಗ್ 12 ಸರದಿ ತಪ್ಪಿಸಿ ಮುಂದೆ ನುಗ್ಗಿ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಆರು ವರ್ಷಕ್ಕೆ ಸುಮಾರು 228 ಕೋಟಿ ಡಾಲರ್‌ಗೆ ಮಾತು ಮುಗಿಸಿಕೊಂಡಿತು. ಅದರಲ್ಲಿ ಒಂದು ಷರತ್ತಿತ್ತು: ದೊಡ್ಡ ಕಾನ್ಫರೆನ್ಸಿನಿಂದ ಹೊಸ ಸದಸ್ಯ ಬಂದರೆ ವಾಹಿನಿಗಳು ಆ ಸದಸ್ಯನಿಗೂ ಪೂರ್ಣ ಪಾಲನ್ನು ಹೆಚ್ಚುವರಿಯಾಗಿ ಕೊಡಬೇಕು. ಹಾಗಾಗಿ ಕೊಲರಾಡೊ ಬಂದರೂ ಅರಿಜೋನ ಬಂದರೂ ಹಳೆಯ ಸದಸ್ಯರ ತಟ್ಟೆಯಿಂದ ಒಂದು ತುತ್ತೂ ಕಡಿಮೆಯಾಗುತ್ತಿರಲಿಲ್ಲ. ವಲಸೆಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೆ? ಆಗಸ್ಟ್ 2023ರಲ್ಲಿ ಕ್ಲಿಯಾವ್ಕಾಫ್ ಅಧ್ಯಕ್ಷರ ಮುಂದಿಟ್ಟದ್ದು ಆ್ಯಪಲ್ ಕಂಪನಿಯ ಪ್ರಸ್ತಾವ. ವರದಿಗಳ ಪ್ರಕಾರ ಒಂದು ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಡಾಲರ್ ಮೂಲ ಹಣ, ಚಂದಾದಾರರು ಹೆಚ್ಚಿದರೆ ಇನ್ನಷ್ಟು. ಬಿಗ್ 12 ಕೊಡುತ್ತಿದ್ದುದು 3 ಕೋಟಿ 17 ಲಕ್ಷ, ಅದೂ ಖಾತರಿಯಾಗಿ. ಎರಡೂವರೆ ಕೋಟಿಯಲ್ಲಿ ಫುಟ್‌ಬಾಲ್ ತಂಡ ನಡೆಸಲಾಗದು ಎಂದೇನಿಲ್ಲ. ಎದುರಾಳಿಗೆ ಅದಕ್ಕಿಂತ ಹೆಚ್ಚು ಸಿಕ್ಕರೆ ಕೋಚನ್ನೂ ಆಟಗಾರನನ್ನೂ ಅವನೇ ಕೊಂಡೊಯ್ಯುತ್ತಾನೆ ಎಂಬ ಭಯ ಎಲ್ಲರನ್ನೂ ಓಡಿಸಿತು.

ಆ ಭಯ ಹುಸಿಯಲ್ಲ ಎಂಬುದನ್ನು, ಕೊನೆಗೆ ಹಿಂದೆ ಉಳಿದ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದಾದ ವಾಷಿಂಗ್ಟನ್ ಸ್ಟೇಟ್ ಅನುಭವಿಸಿ ತೋರಿಸಿದೆ. ಸಿಯಾಟಲ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ನಾಲ್ಕೂವರೆ ಗಂಟೆ, ಗೋಧಿ ಹೊಲಗಳ ದಿಬ್ಬಗಳ ನಡುವೆ ಪುಲ್ಮನ್ ಎಂಬ ಸಣ್ಣ ಊರು. ಇಎಸ್‌ಪಿಎನ್‌ನ ಶನಿವಾರದ ಜನಪ್ರಿಯ ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮ ಯಾವ ಊರಿನಿಂದ ಪ್ರಸಾರವಾದರೂ, ನಿರೂಪಕರ ಬೆನ್ನ ಹಿಂದಿನ ಜನಸಂದಣಿಯಲ್ಲಿ ಈ ವಿಶ್ವವಿದ್ಯಾಲಯದ ಕಡುಗೆಂಪು ಬಾವುಟ 2003ರ ಅಕ್ಟೋಬರ್‌ನಿಂದ ಬಿಡದೆ ಹಾರುತ್ತ ಬಂದಿದೆ. ಹಳೆಯ ವಿದ್ಯಾರ್ಥಿಗಳು ಅದನ್ನು ಊರಿಂದೂರಿಗೆ ಪಾರ್ಸೆಲ್ ಮಾಡಿ, ನಸುಕಿನಲ್ಲೇ ಹೋಗಿ ನಿಂತು ಬೀಸುತ್ತಾರೆ. ಟೆಲಿವಿಷನ್ ಪರದೆಯ ಮೇಲೆ ಇಷ್ಟು ನಿಷ್ಠೆಯಿಂದ ಕಾಣಿಸಿಕೊಂಡ ಬಾವುಟ ಬೇರೊಂದಿಲ್ಲ. ಟೆಲಿವಿಷನ್ ಒಪ್ಪಂದ ಬರೆಯುವ ಹೊತ್ತಿಗೆ ಅದರ ವಿಶ್ವವಿದ್ಯಾಲಯವೇ ಬೇಡವಾಯಿತು. 2023ರಲ್ಲಿ ಅಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಮುಖ್ಯ ಆಟಗಾರ, ಆಗಿದ್ದ ಕ್ಯಾಮ್ ವಾರ್ಡ್ ಮರುವರ್ಷ ಮಯಾಮಿಗೆ ಹೋದರು, ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದರು. ಅದೇ ವರ್ಷ ವಿಶ್ವವಿದ್ಯಾಲಯ ತನ್ನ ಅಥ್ಲೆಟಿಕ್ಸ್ ವಿಭಾಗದಲ್ಲಿ ಎಸೆತ, ಜಿಗಿತದ ಸ್ಪರ್ಧೆಗಳನ್ನು ಕೈಬಿಟ್ಟಿತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಈ ಕೊನೆಯ ಸಂಗತಿಗೆ. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ, ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ. ಅದಕ್ಕೆ ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿ ದೂರವಲ್ಲ. ವಾರದ ನಡುವೆಯೂ ಆಡಬೇಕಾದ ವಾಲಿಬಾಲ್, ಸಾಫ್ಟ್‌ಬಾಲ್ ಆಟಗಾರ್ತಿಯರು ಮೂರು ಗಂಟೆ ಹಿಂದುಮುಂದಾಗುವ ಗಡಿಯಾರಗಳ ನಡುವೆ ತರಗತಿ ತಪ್ಪಿಸಿಕೊಂಡು ಹಾರಬೇಕು. ಅವರ ಪಂದ್ಯಕ್ಕಾಗಿ ಯಾವ ವಾಹಿನಿಯೂ ಆ ನಕ್ಷೆ ಬರೆದಿರಲಿಲ್ಲ. ಫುಟ್‌ಬಾಲ್ ಒಂದನ್ನು ಬೇರೆ ಮಾಡಿ ಅದಕ್ಕೆ ಬೇಕಾದ ರಾಷ್ಟ್ರೀಯ ಲೀಗ್ ಮಾಡಿಕೊಳ್ಳಲಿ, ಉಳಿದ ಆಟಗಳು ನೆರೆಹೊರೆಯ ಕಾನ್ಫರೆನ್ಸುಗಳಿಗೆ ಮರಳಲಿ ಎಂಬ ಸಲಹೆ ಹೊಸದಲ್ಲ, ಆದರೆ ಅದರ ವಿರುದ್ಧ ಗಟ್ಟಿಯಾದ ವಾದವನ್ನು ನಾನು ಈವರೆಗೆ ಕೇಳಿಲ್ಲ. ಫುಟ್‌ಬಾಲ್ ಹಣದಿಂದಲೇ ಆ ಆಟಗಳ ವಿದ್ಯಾರ್ಥಿವೇತನ ನಡೆಯುತ್ತದೆ ಎನ್ನುತ್ತಾರೆ. ಸರಿ, ಹಣ ಹಂಚಿಕೊಳ್ಳಲು ಒಂದೇ ವಿಮಾನದ ಟಿಕೆಟ್ಟು ಏಕೆ ಬೇಕು?

ಇನ್ನೊಂದು ಸಮರ್ಥನೆಯಲ್ಲಿ ಹುರುಳಿದೆ: ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ ‘ಹೌಸ್’ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಪ್ರತಿ ವಿಶ್ವವಿದ್ಯಾಲಯವೂ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ ಆಟಗಾರರಿಗೇ ಹಂಚಬಹುದು. ಆಡುವವರಿಗೆ ಪಾಲು ಸಿಗುವುದು ನ್ಯಾಯ. ಆದರೆ ಆ ಮೊತ್ತವನ್ನು ಹೊಂದಿಸಲು ದೊಡ್ಡ ಒಪ್ಪಂದ ಬೇಕೇ ಬೇಕು ಎನ್ನುವ ಒತ್ತಡ ಈಗ ಇನ್ನೂ ಹೆಚ್ಚಿದೆ.

ಮುಂದಿನ ಸುತ್ತಿನ ದಿನಾಂಕವೂ ಹೆಚ್ಚುಕಡಿಮೆ ಗೊತ್ತಿದೆ. ಬಿಗ್ ಟೆನ್‌ನ ಒಪ್ಪಂದ 2030ರಲ್ಲಿ, ಬಿಗ್ 12ರದು 2031ರಲ್ಲಿ ಮುಗಿಯುತ್ತದೆ. ಎಸಿಸಿಯ ಒಪ್ಪಂದ 2036ರವರೆಗಿದ್ದರೂ, ಫ್ಲಾರಿಡ ಸ್ಟೇಟ್ ಮತ್ತು ಕ್ಲೆಮ್ಸನ್ ಹೂಡಿದ ಮೊಕದ್ದಮೆಗಳು 2025ರ ಮಾರ್ಚ್‌ನಲ್ಲಿ ರಾಜಿಯಾದಾಗ, ಹೊರಹೋಗುವ ಶುಲ್ಕ ವರ್ಷದಿಂದ ವರ್ಷಕ್ಕೆ ಇಳಿಯುವಂತೆ ಬರೆಯಲಾಯಿತು: 2025-26ರಲ್ಲಿ ಹದಿನಾರೂವರೆ ಕೋಟಿ ಡಾಲರ್, 2030-31ರ ಹೊತ್ತಿಗೆ ಏಳೂವರೆ ಕೋಟಿ. ಶುಲ್ಕ ಕಟ್ಟಿದವರು ತಮ್ಮ ಪ್ರಸಾರ ಹಕ್ಕನ್ನೂ ಜೊತೆಗೆ ಒಯ್ಯಬಹುದು.