ಪ್ರತ್ಯಯದ ಮೇಲೆ ಸವಾರಿ

ನಾವು ದಿನವೂ ಹತ್ತಿ ಇಳಿಯುವುದು ಒಂದು ವಿಭಕ್ತಿ ಪ್ರತ್ಯಯವನ್ನು ಎಂದರೆ ನಂಬುವವರು ಕಡಿಮೆ. ಲ್ಯಾಟಿನ್ನಿನ ‘ಓಮ್ನಿಬಸ್’ ಎಂದರೆ ‘ಎಲ್ಲರಿಗೆ’. ‘ಎಲ್ಲ’ ಎಂಬುದು ಓಮ್ನಿಯ ಪಾಲು. ಬಸ್ ಬರಿಯ ಚತುರ್ಥಿ. ಜನ ತಲೆಯನ್ನು ಕತ್ತರಿಸಿ ಬಾಲವನ್ನು ಉಳಿಸಿಕೊಂಡರು. ನಿಲ್ದಾಣದಲ್ಲಿ ನಿಂತು ‘ರಿಗೆ ಬಂತು, ಬೇಗ ಹತ್ತು’ ಎಂದು ಕೂಗಿದ ಹಾಗೆ!

ಹೆಸರು ಹುಟ್ಟಿದ್ದು ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ, 1820ರ ದಶಕದಲ್ಲಿ. ಬೋದ್ರಿ ಎಂಬಾತ ಊರಾಚೆಯ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆಗಾಡಿ ಓಡಿಸಿದ. ಗಾಡಿ ನಿಲ್ಲುತ್ತಿದ್ದ ಕಡೆ ಓಮ್ನೆಸ್ ಎಂಬವನ ಟೋಪಿ ಅಂಗಡಿಯಿತ್ತು, ‘ಓಮ್ನೆಸ್ ಓಮ್ನಿಬಸ್’ ಎಂಬ ಅದರ ಫಲಕವೇ ಗಾಡಿಗೆ ಹೆಸರಾಯಿತು ಎಂಬ ಕಥೆಯಿದೆ. ಜನರಿಗೆ ಸ್ನಾನಕ್ಕಿಂತ ಸವಾರಿಯೇ ಹಿಡಿಸಿತು.

ಮೋಟಾರು ಬಂದಾಗ ಹೆಸರಿನಂತೆ ಗಾಡಿಗೂ ತಲೆಯಿರಲಿಲ್ಲ. 1910ರಲ್ಲಿ ಲಂಡನ್ನಿನ ಬೀದಿಗಿಳಿದ ‘ಬಿ’ ಮಾದರಿಯ ಬಸ್ಸಿನ ಒಳಗೆ 16 ಜನ, ಬಯಲು ಮಹಡಿಯ ಮೇಲೆ 18 ಜನ. ಮಳೆ ಬಂದರೆ ಮೇಲಿನವರಿಗೆ ಮುಂದಿನ ಸೀಟಿನ ಬೆನ್ನಿಗೆ ಕಟ್ಟಿದ ಮೇಣಬಟ್ಟೆಯೇ ಗತಿ. ಅದನ್ನು ತೊಡೆಯ ಮೇಲೆ ಎಳೆದುಕೊಂಡು ಮೊಣಕಾಲನ್ನು ಕಾಪಾಡಿಕೊಳ್ಳಬಹುದಿತ್ತು, ನೆತ್ತಿಯನ್ನಲ್ಲ. ಮಾಡು ಹೊದಿಸಿದರೆ ಬಸ್ಸು ಮಗುಚೀತೆಂದು ಪೊಲೀಸರು 1925ರವರೆಗೂ ಒಪ್ಪಿಗೆ ಕೊಡಲಿಲ್ಲ.

ಪ್ರವಾಸಕ್ಕೆ ಬೇರೆಯೇ ಗಾಡಿಯಿತ್ತು. ಫ್ರೆಂಚರ ‘ಷಾರ್ ಆ ಬಾಂಕ್’, ಅಂದರೆ ಬೆಂಚುಗಾಡಿ. ಸಾಲಾಗಿ ಬೆಂಚು, ಸಾಲಿಗೊಂದು ಬಾಗಿಲು, ಹಿಂದೆ ಮಡಿಚಿಟ್ಟ ಕ್ಯಾನ್ವಾಸ್ ಕೊಡೆ. ವರ್ಷಕ್ಕೊಮ್ಮೆ ಕಡಲತೀರಕ್ಕೆ ಹೊರಟ ಇಂಗ್ಲೆಂಡಿನ ಗಿರಣಿ ಕೆಲಸಗಾರರು ಹನಿ ಬಿದ್ದ ಕೂಡಲೇ ಎದ್ದು ನಿಂತು, ತೇರು ಎಳೆಯುವವರಂತೆ ಅದನ್ನು ಮುಂದಕ್ಕೆ ಎಳೆಯಬೇಕಿತ್ತು. ಇದರ ಹೆಸರನ್ನೂ ಅವರು ಮುರಿದು ‘ಷಾರಾ’ ಮಾಡಿದರು. ಇಲ್ಲಿ ಮಾತ್ರ ಬಾಲ ಹೋಗಿ ತಲೆ ಉಳಿಯಿತು, ಅದೊಂದು ಸಮಾಧಾನ.

ಆಗ ಕಂಪನಿಗಳಿಗೂ ಠೀವಿಯ ಹೆಸರುಗಳು: ‘ವ್ಯಾನ್‌ಗಾರ್ಡ್’, ‘ಆ್ಯರೋ’. ಮುಂದಾಳು, ಬಾಣ! ಆದರೆ 1906ರಲ್ಲಿ ಬಸ್ಸಿನ ಮಾರ್ಗಗಳಿಗೆ ಸಂಖ್ಯೆ ಹಚ್ಚುವುದನ್ನು ಲಂಡನ್ನಿನಲ್ಲಿ ಮೊದಲು ಮಾಡಿದ್ದೂ ಇದೇ ವ್ಯಾನ್‌ಗಾರ್ಡ್. ಸಂಖ್ಯೆ ಅನುಕೂಲ, ಒಪ್ಪುತ್ತೇನೆ. ಆದರೆ ಸಂಖ್ಯೆಯ ಮೇಲೆ ಮಮತೆ ಹುಟ್ಟುವುದು ಹೇಗೆ? ನಮ್ಮ ಕರಾವಳಿಯಲ್ಲಿ ಈಗಲೂ ‘ಎಂಟೂವರೆಯ ಗಣೇಶ ಹೋಯಿತೇ?’ ಎಂದು ಕೇಳುತ್ತಾರೆ. ‘ಇಲ್ಲ, ಭಾರತಿಯ ಹಿಂದೆ ಬರುತ್ತದೆ’ ಎಂಬ ಉತ್ತರ ಬರುತ್ತದೆ. ಯಾರೂ ನಗುವುದಿಲ್ಲ.

ಮೊದಲ ಮಹಾಯುದ್ಧಕ್ಕೆ ‘ಬಿ’ ಬಸ್ಸುಗಳು ಸುಮಾರು 900 ಹೋದವು. ಕಿಟಕಿಗೆ ಹಲಗೆ ಹೊಡೆದು, ಖಾಕಿ ಬಣ್ಣ ಬಳಿದು, ಸೈನಿಕರನ್ನು ತುಂಬಿಕೊಂಡು. ಮರಳಿ ಬಂದವುಗಳಲ್ಲಿ ಬಿ 43 ಎಂಬುದಕ್ಕೆ ಹೆಸರೊಂದು ದಕ್ಕಿತು: ‘ಓಲ್ ಬಿಲ್’. ಯುದ್ಧಕಾಲದ ವ್ಯಂಗ್ಯಚಿತ್ರದಲ್ಲಿ ಗೊಣಗುತ್ತಲೇ ದಿನ ನೂಕುತ್ತಿದ್ದ ಪೊದೆಮೀಸೆಯ ಸಿಪಾಯಿಯ ಹೆಸರು ಅದು. ಈಗ ಅದು ಲಂಡನ್ನಿನ ಇಂಪೀರಿಯಲ್ ಯುದ್ಧ ಸಂಗ್ರಹಾಲಯದ ಸೊತ್ತು.