ಚಿನ್ನ ಎರಡು ಸಲ ಮೀನಾದದ್ದು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಕಟ್ಟಿದವರು ತೀರ ಆಶಾವಾದಿಗಳಿರಬೇಕು. ಕೊನೆಗಾದರೂ ಬಾಗಿಲು ಹಾಕಿದರಲ್ಲ! ಅಮೆರಿಕದಲ್ಲಿ ಅದೇ ದಿಡ್ಡಿ ಬಾಗಿಲನ್ನು ತೆರೆದು ಆರೋಪಿಯನ್ನು ಸರ್ಕಾರವೇ ಬೀಳ್ಕೊಟ್ಟಿದೆ.

ದೇಶದ ಇತಿಹಾಸದಲ್ಲೇ ಅತಿ ದೊಡ್ಡ ಆಭರಣ ಕಳವು ಎಂದು ಡಂಗುರ ಹೊಡೆದ ಪ್ರಕರಣ ಅದು. 2025ರ ಜೂನ್‌ನಲ್ಲಿ ಏಳು ಮಂದಿಯ ಮೇಲೆ ದೋಷಾರೋಪ ಹೊರಿಸಿದರು. ವರ್ಷ ಮುಗಿಯುವಷ್ಟರಲ್ಲಿ ಅವರಲ್ಲೊಬ್ಬನನ್ನು ವಲಸೆ ಇಲಾಖೆ ದಕ್ಷಿಣ ಅಮೆರಿಕಕ್ಕೆ ಗಡೀಪಾರು ಮಾಡಿತು. ವಿಚಾರಣೆ ಇನ್ನೂ ನಡೆದೇ ಇರಲಿಲ್ಲ. ನಮಗಿದು ಗೊತ್ತೇ ಇರಲಿಲ್ಲ ಎಂದರು ಸರ್ಕಾರಿ ವಕೀಲರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಆತ ತಪ್ಪಿತಸ್ಥನೋ ನಿರಪರಾಧಿಯೋ, ಯಾರು ಹೇಳಬೇಕು ಈಗ? ಆದರೂ ಮೆಚ್ಚತಕ್ಕದ್ದನ್ನು ಮೆಚ್ಚಬೇಕು: ಇಡೀ ಪ್ರಕರಣದಲ್ಲಿ ಹಾದಿಯಲ್ಲಿ ಎಲ್ಲೂ ಕಳೆದುಹೋಗದೆ ಊರು ಮುಟ್ಟಿದ ಸರಕು ಇದೊಂದೇ.

ಉಳಿದ ಸರಕಿನ ಕಥೆ ಹೀಗಿದೆ. 2022ರ ಜುಲೈ 11ರ ನಸುಕು. ಕ್ಯಾಲಿಫೋರ್ನಿಯಾದ ಹೆದ್ದಾರಿ ಪಕ್ಕದ ಲಾರಿ ತಂಗುದಾಣ. ಆಭರಣ ಮೇಳ ಮುಗಿಸಿಕೊಂಡು ಹೊರಟ, ಬೆಲೆಬಾಳುವ ಮಾಲನ್ನು ಕಾವಲಿನಲ್ಲಿ ಸಾಗಿಸುವ ಬ್ರಿಂಕ್ಸ್ ಕಂಪನಿಯ ಲಾರಿ ಅಲ್ಲಿ ನಿಂತಿತ್ತು. ಕಾವಲು ವಾಹನವೆಂದರೆ ನಮ್ಮ ಕಣ್ಣ ಮುಂದೆ ಉಕ್ಕಿನ ಗೋಡೆ, ಗುಂಡು ತೂರದ ಗಾಜು, ಕಿಂಡಿಯಿಂದ ಇಣುಕುವ ಬಂದೂಕು ಬರುತ್ತವೆ. ಇದು ಸಾದಾ ಸರಕು ಲಾರಿ. ಇದ್ದದ್ದು ಇಬ್ಬರೇ ಸಿಬ್ಬಂದಿ. ಒಬ್ಬ ಒಳಗೆ ಮಲಗಿದ್ದ, ಇನ್ನೊಬ್ಬ ಹೊಟ್ಟೆಗೆ ಏನಾದರೂ ಸಿಕ್ಕೀತೇ ಎಂದು ಇಳಿದುಹೋಗಿದ್ದ. 27 ನಿಮಿಷ. ಬಂದು ನೋಡುತ್ತಾನೆ, ಬೀಗ ಒಡೆದಿದೆ. ದೋಷಾರೋಪ ಪಟ್ಟಿಯನ್ನು ನಂಬುವುದಾದರೆ ಕಳ್ಳರು ಸುಮಾರು 300 ಮೈಲಿ ಹಿಂದೆಯೇ ಬಂದಿದ್ದರು. ಆ ಲಾರಿಯ ಬಗ್ಗೆ ಅಷ್ಟು ಕಾಳಜಿ ತೋರಿದವರು ಬೇರೆ ಯಾರೂ ಇಲ್ಲ.

ಮಲಗಿದ್ದವನನ್ನು ಕುಂಭಕರ್ಣ ಎಂದು ಲೋಕವೆಲ್ಲ ಗೇಲಿ ಮಾಡಿತು. ಲಾರಿ ಚಾಲಕ ಇಷ್ಟು ಗಂಟೆ ಓಡಿಸಿದ ಮೇಲೆ ಇಷ್ಟು ಗಂಟೆ ವಿಶ್ರಮಿಸಲೇಬೇಕು ಎನ್ನುವುದು ಅಲ್ಲಿನ ಕಾನೂನು. ಅಂದರೆ ಆ ರಾತ್ರಿ ಕಾನೂನು ಪ್ರಕಾರ ತನ್ನ ಕೆಲಸ ಮಾಡುತ್ತಿದ್ದವನು ಅವನೇ.

ನಿಜವಾದ ಚಮತ್ಕಾರ ನಡೆದದ್ದು ಆಮೇಲೆ, ಲೆಕ್ಕದ ಪುಸ್ತಕದಲ್ಲಿ. ಹೋದದ್ದು ಹತ್ತು ಕೋಟಿ ಡಾಲರಿನ ಮಾಲು ಎಂದರು ವ್ಯಾಪಾರಿಗಳು. ಕಂಪನಿ ಸಾಗಣೆ ಚೀಟಿಗಳನ್ನು ತೆಗೆದು ತೋರಿಸಿತು: ನೀವೇ ಬರೆದುಕೊಟ್ಟ ಬೆಲೆ 87 ಲಕ್ಷ ಡಾಲರ್, ನಮ್ಮ ಹೊಣೆ ಅಷ್ಟಕ್ಕೇ. ಹೆಚ್ಚು ಬೆಲೆ ಬರೆದರೆ ಸಾಗಣೆಗೂ ಹೆಚ್ಚು ತೆರಬೇಕು, ಹಾಗಾಗಿ ಲಾರಿ ಹತ್ತುವಾಗ ವಜ್ರಗಳೆಲ್ಲ ಗಾಜಿನ ಹರಳುಗಳಾಗಿದ್ದವು. ಕಳ್ಳನ ಕೈ ತಾಗಿದ್ದೇ ತಡ, ಮತ್ತೆ ವಜ್ರವಾದವು. ಕಲ್ಲಾಗಿದ್ದ ಅಹಲ್ಯೆಯೂ ಇಷ್ಟು ಬೇಗ ಎದ್ದು ನಿಂತಿರಲಾರಳು.

ಇದೇ ಕಂಪನಿ ಮುಂದಿನ ವರ್ಷ ಕೆನಡಾದಲ್ಲಿ ಸಿಕ್ಕಿಬಿದ್ದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯಲಾಗುವುದಿಲ್ಲ. 2023ರ ಏಪ್ರಿಲ್ 17. ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಈ ಕಂಪನಿಯ ಹೊಣೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದಿಳಿದ 400 ಕಿಲೋ ಚಿನ್ನ, 6,600 ಗಟ್ಟಿ, ಜೊತೆಗೆ ನಗದು. ಒಬ್ಬ ಬಂದ, ಚೀಟಿ ತೋರಿಸಿದ, ಲಾರಿಗೆ ತುಂಬಿಸಿಕೊಂಡು ಹೋದ. ಅದು ಹಿಂದಿನ ದಿನವೇ ಬೇರೆಯವರು ಒಯ್ದಿದ್ದ ಮೀನಿನ ಸರಕಿನ ಚೀಟಿಯ ನಕಲು. ಎರಡು ಕೋಟಿ ಕೆನಡಾ ಡಾಲರಿನ ಬಂಗಾರ ಮೀನಿನ ಹೆಸರಿನಲ್ಲಿ ಗೇಟು ದಾಟಿತು. ಮೂಸಿ ನೋಡಿದ್ದರೂ ಸಾಕಿತ್ತು.

ಕಂಪನಿ ಆ ಚಿನ್ನವನ್ನು ಹೊತ್ತು ತಂದಿದ್ದ ವಿಮಾನ ಸಂಸ್ಥೆಯ ಮೇಲೆ ದಾವೆ ಹೂಡಿತು. ನ್ಯಾಯಾಲಯ ವಿಮಾನ ಸಾಗಣೆಯ ಹೊಣೆಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಮಾಂಟ್ರಿಯಲ್ ಒಡಂಬಡಿಕೆಯನ್ನು ಬಿಡಿಸಿತು. ಸರಕಿನ ಬೆಲೆಯನ್ನು ವಿಶೇಷವಾಗಿ ಘೋಷಿಸದಿದ್ದರೆ ಪರಿಹಾರ ತೂಕದ ಮೇಲೆ, ಕಿಲೋಗೆ ಇಷ್ಟು ಎಂದು. ಕೂಡಿಸಿ ಗುಣಿಸಿದರೆ ಬಂದದ್ದು ಸುಮಾರು 18,600 ಕೆನಡಾ ಡಾಲರ್. ಚೀಟಿಯಲ್ಲಿ ಒಮ್ಮೆ ಮೀನಾಗಿದ್ದ ಚಿನ್ನ ತಕ್ಕಡಿಯಲ್ಲಿ ಮತ್ತೊಮ್ಮೆ ಮೀನಾಯಿತು. ಬರೆದುಕೊಟ್ಟ ಬೆಲೆಯೇ ಬೆಲೆ ಎಂದು ಕ್ಯಾಲಿಫೋರ್ನಿಯಾದ ವ್ಯಾಪಾರಿಗಳಿಗೆ ಪಾಠ ಹೇಳಿದವರು ಅದೇ ಪಾಠವನ್ನು ಮುಂದಿನ ಬೆಂಚಿನಲ್ಲಿ ಕುಳಿತು ಕೇಳಬೇಕಾಯಿತು.

ನಕ್ಕದ್ದು ಸಾಕು. ಆ ಲಾರಿಯಲ್ಲಿ ಮಾಲು ಇಟ್ಟಿದ್ದ ವ್ಯಾಪಾರಿಗಳು ಹದಿನಾಲ್ಕು ಮಂದಿ. ಮೇಳದಿಂದ ಮೇಳಕ್ಕೆ ಅಲೆಯುವವರು, ಜೀವಮಾನದ ಗಳಿಕೆಯನ್ನೆಲ್ಲ ಚೀಲದಲ್ಲಿ ಕಟ್ಟಿಕೊಟ್ಟವರು. ಬೆಲೆ ತಗ್ಗಿಸಿ ಬರೆದದ್ದು ಜಾಣತನವಲ್ಲ, ಒಪ್ಪುತ್ತೇನೆ. ಆದರೆ ಕಾಯುವುದೇ ಕಸುಬಾದ ಕಂಪನಿಗೆ ಕಾವಲಿಗೆ ಮೂರನೆಯ ಆಳು ದುಬಾರಿಯಾಗುತ್ತದೆ, ಷರತ್ತಿನ ಸಣ್ಣ ಅಕ್ಷರಗಳನ್ನು ಕಾಯುವ ವಕೀಲರ ಪಡೆ ದುಬಾರಿಯಾಗುವುದಿಲ್ಲ. ಸರ್ಕಾರಕ್ಕೆ ಆರೋಪಿಯೊಬ್ಬನನ್ನು ವಿಚಾರಣೆಯವರೆಗೆ ಇಟ್ಟುಕೊಳ್ಳಲಾಗುವುದಿಲ್ಲ. ಕಳೆದುಕೊಂಡವರಿಗೆ ಮೊದಲು ಕಳ್ಳ, ಆಮೇಲೆ ಕಂಪನಿ, ಆಮೇಲೆ ಸರ್ಕಾರ, ಹೀಗೆ ಸರದಿಯಲ್ಲಿ ಬಂದು ಬಾರಿಸಿದ್ದಾರೆ. ಇದನ್ನು ಯಾವ ಬಾಯಿಂದ ಹಾಸ್ಯ ಎನ್ನಲಿ?

ಹಳಬರಿಗೆ ಇಷ್ಟು ಸಡಗರವಿರಲಿಲ್ಲ. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ 3,106 ಕ್ಯಾರೆಟ್ಟಿನ ಕಲಿನನ್ ವಜ್ರವನ್ನು ಇಂಗ್ಲೆಂಡಿಗೆ ಸಾಗಿಸುವಾಗ ಹಡಗಿನ ತಿಜೋರಿಯಲ್ಲಿ ಒಂದು ನಕಲಿ ಕಲ್ಲಿಟ್ಟು ಪತ್ತೇದಾರರನ್ನು ಕಾವಲು ಕೂರಿಸಿದರಂತೆ. ಅಸಲಿ ಹೋದದ್ದು ಸಾದಾ ಪೆಟ್ಟಿಗೆಯಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ. 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಎಂಬ ವಜ್ರ ವ್ಯಾಪಾರಿ ಹೋಪ್ ವಜ್ರವನ್ನು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿದ್ದೂ ಅಂಚೆಯಲ್ಲೇ, ಕಂದು ಕಾಗದದಲ್ಲಿ ಸುತ್ತಿ. ಅಂಚೆ ವೆಚ್ಚ 2 ಡಾಲರ್ 44 ಸೆಂಟ್. ಹತ್ತು ಲಕ್ಷ ಡಾಲರಿನ ವಿಮೆಯೂ ಸೇರಿ ಒಟ್ಟು 145 ಡಾಲರ್ 29 ಸೆಂಟ್ ಕೊಟ್ಟು ರಸೀದಿ ಪಡೆದ. ಎರಡೇ ದಿನದಲ್ಲಿ ಅಂಚೆಯವನು ತಂದು ಮುಟ್ಟಿಸಿದ.

ಆ ಕಂದು ಕಾಗದವನ್ನು ಈಗ ಅಂಚೆ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ವಜ್ರ ಹಾಗಿರಲಿ, ಸುತ್ತಿದ ಕಾಗದವೂ ಇನ್ನೂ ಕಳುವಾಗಿಲ್ಲ.